ಇಸ್ತ್ರಿ ಪೆಟ್ಟಿಗೆಯ ಕಾವು



ಕಳೆದ ತಿಂಗಳು ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಫೋನ್ ಮಾಡಿದ ಹುಡುಗನೊಬ್ಬ ಹಾಡು ಕೇಳುವ ಮೊದಲು ಒಂದು ಪ್ರಶ್ನೆ ಕೇಳಿದ. “ಅಕ್ಕಾ, ರೇಡಿಯೋದವರನ್ನ ಯಾರೂ ನೋಡಲ್ಲ ಅಲ್ವಾ? ಹಾಗಾದ್ರೆ ಮುದುರಿದ ಬಟ್ಟೇಲೇ ಬಂದು ಮಾತಾಡ್ತೀರಾ?” ನಾನು ನಗುತ್ತಾ, “ಇಲ್ಲಪ್ಪ, ಇಸ್ತ್ರಿ ಮಾಡಿದ ಕಾಟನ್ ಸೀರೆ ಉಟ್ಟೇ ಕೂತಿದ್ದೇನೆ” ಎಂದೆ. ಅವನು ನಂಬಿದಂತೆ ಕಾಣಲಿಲ್ಲ. ಅವನು ಕೇಳಿದ ಹಾಡು ಹಾಕಿ ಮೈಕ್ ಮುಚ್ಚಿದೆ. ಪ್ರಶ್ನೆ ಮಾತ್ರ ಮನೆತನಕ ನನ್ನ ಹಿಂದೆಯೇ ಬಂತು. ಹೌದಲ್ಲ, ಯಾರಿಗೂ ಕಾಣದ ಬಟ್ಟೆಗೆ ನಾನೇಕೆ ದಿನಾ ಬೆಳಗಿನ ಜಾವ ಎದ್ದು ಇಸ್ತ್ರಿ ಹಾಕುತ್ತೇನೆ?

ಈ ವಿಷಯದಲ್ಲಿ ನಮ್ಮ ಕಸುಬಿನ ಹಿರಿಯರು ನನಗಿಂತ ಒಂದು ಕೈ ಮೇಲೆ. 1920ರ ದಶಕದಲ್ಲಿ, ಬಿಬಿಸಿ ಇನ್ನೂ ಎಳೆಗೂಸಾಗಿದ್ದಾಗ, ಜಾನ್ ರೀತ್ ಅದರ ಮುಖ್ಯಸ್ಥರಾಗಿದ್ದರು. ಆಗ ಸಂಜೆಯ ಹೊತ್ತು ಮಾತಾಡುವ ಉದ್ಘೋಷಕರು ಡಿನ್ನರ್ ಜಾಕೆಟ್ ತೊಟ್ಟೇ ಮೈಕಿನ ಮುಂದೆ ಕೂರಬೇಕಿತ್ತು. ಕೇಳುವವರಿಗೆ ಕಾಣುತ್ತಿದ್ದುದು ಒಂದು ಮರದ ಪೆಟ್ಟಿಗೆ ಮಾತ್ರ. ಆದರೂ ಬಟ್ಟೆಯ ಶಿಸ್ತು ದನಿಗೂ ಇಳಿಯುತ್ತದೆ ಎಂಬ ನಂಬಿಕೆ ಅದರ ಹಿಂದೆ ಇದ್ದಿರಬೇಕು. ನನಗೆ ಈ ನಂಬಿಕೆ ಬಂದದ್ದು ಬಿಬಿಸಿಯಿಂದಲ್ಲ, ಕಾಚಿಗುಡದ ನಮ್ಮ ಎರಡು ಕೋಣೆಯ ಬಾಡಿಗೆ ಮನೆಯಿಂದ.

ಕಾಚಿಗುಡದ ಭಾನುವಾರಗಳು

ನಮ್ಮಪ್ಪ ರಾಯಚೂರು ಜಿಲ್ಲೆಯವರು. ಬೇಗಂ ಬಜಾರಿನ ಒಂದು ಸಗಟು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಕನ್ನಡದವರು ಹೆಚ್ಚಾಗಿದ್ದರೆಂದು, ಹತ್ತಿರದಲ್ಲೇ ನೃಪತುಂಗ ಶಾಲೆ ಇದೆಯೆಂದು ಕಾಚಿಗುಡದಲ್ಲಿ ಮನೆ ಹಿಡಿದಿದ್ದರು. ಅವರ ಹತ್ತಿರ ಹೊರಗೆ ಹಾಕುವಂಥ ಬಿಳಿ ಅಂಗಿ ಇದ್ದದ್ದು ಎರಡು. ಒಂದು ಮೈಮೇಲೆ, ಒಂದು ಹಗ್ಗದ ಮೇಲೆ.

ಭಾನುವಾರ ಸಂಜೆ ನಮ್ಮ ಮನೆಯ ಇಸ್ತ್ರಿಯ ವೇಳೆ. ಅಜ್ಜಿ ತೆಂಗಿನ ಕರಟ ಸುಟ್ಟು ಮಾಡಿಟ್ಟ ಇದ್ದಿಲನ್ನು ಒಲೆಯ ಕೆಂಡದ ಜೊತೆ ಸೇರಿಸಿ ಹಿತ್ತಾಳೆಯ ಪೆಟ್ಟಿಗೆಗೆ ತುಂಬುತ್ತಿದ್ದಳು. ಅದರ ಮುಚ್ಚಳದ ಚಿಲಕ ಕೋಳಿಹುಂಜದ ಆಕಾರದಲ್ಲಿತ್ತು. ಆ ಹುಂಜದ ಕತ್ತು ಹಿಡಿದು ಮುಚ್ಚಳ ತೆಗೆಯುವುದು ನನ್ನ ಪಾಲಿನ ಕೆಲಸ, ಕೈ ಸುಟ್ಟುಕೊಳ್ಳುವುದೂ ನನ್ನ ಪಾಲಿನದೇ! ಬಾಗಿಲ ಬಳಿ ಪೆಟ್ಟಿಗೆಯನ್ನು ತೊಟ್ಟಿಲಿನಂತೆ ಹಿಂದೆ ಮುಂದೆ ತೂಗಿದರೆ ಪಕ್ಕದ ತೂತುಗಳಲ್ಲಿ ಗಾಳಿ ಆಡಿ ಕೆಂಡ ಕೆಂಪೇರುತ್ತಿತ್ತು. ಅಮ್ಮ ಬೆರಳಿಗೆ ನೀರು ಮುಟ್ಟಿಸಿ ತಳಕ್ಕೆ ಚಿಮುಕಿಸುತ್ತಿದ್ದಳು. ಚುಂಯ್ ಎಂದು ಹನಿ ಗುಂಡಾಗಿ ಓಡಿದರೆ ಕಾವು ಸರಿ. ಸುಮ್ಮನೆ ಆವಿಯಾದರೆ ಇನ್ನೂ ಸ್ವಲ್ಪ ತೂಗಬೇಕು. ಥರ್ಮಾಮೀಟರ್ ಬೇಕಿರಲಿಲ್ಲ.

ಅನ್ನ ಬಸಿದ ಗಂಜಿಯನ್ನು ತಿಳಿಮಾಡಿ ಅದರಲ್ಲಿ ಅದ್ದಿ ಒಣಗಿಸಿದ ಅಮ್ಮನ ನಾರಾಯಣಪೇಟೆ ಸೀರೆ ಹಪ್ಪಳದ ಹಾಗೆ ನಿಂತಿರುತ್ತಿತ್ತು. ನೀಲಿ ಹಾಕಿದ ಅಪ್ಪನ ಅಂಗಿ ಸ್ವಲ್ಪ ಆಕಾಶದ ಬಣ್ಣಕ್ಕೆ ತಿರುಗಿರುತ್ತಿತ್ತು. ಅದರ ಮೇಲೆ ನೀರು ಚಿಮುಕಿಸಿ, ಸುರುಳಿ ಸುತ್ತಿಟ್ಟು, ಹತ್ತು ನಿಮಿಷ ಬಿಟ್ಟು, ಮೊದಲು ಕಾಲರ್, ಆಮೇಲೆ ತೋಳು, ಕೊನೆಗೆ ಬೆನ್ನು. ಬಿಸಿ ತಳ ಒದ್ದೆ ಹತ್ತಿಯ ಮೇಲೆ ಸಾಗುವಾಗ ಏಳುವ ಆ ವಾಸನೆ ಇದೆಯಲ್ಲ... ಮೊದಲ ಮಳೆಯ ಮಣ್ಣಿನ ವಾಸನೆಗೆ ಹತ್ತಿರದ್ದು, ಆದರೆ ಮನೆಯೊಳಗಿನದು. ಇಸ್ತ್ರಿ ಮುಗಿದ ತಕ್ಷಣ ಅಂಗಿಗೆ ಕೆನ್ನೆ ಒತ್ತಿದರೆ ಅದು ಇನ್ನೂ ಬೆಚ್ಚಗೆ. ಚಳಿಗಾಲದಲ್ಲಿ ಅದಕ್ಕಿಂತ ಸುಖ ಬೇರೆ ಯಾವುದಿತ್ತು ಹೇಳಿ!

ಅಜ್ಜಿಯ ಬಾಲ್ಯದಲ್ಲಿ ಪೆಟ್ಟಿಗೆಯೂ ಇರಲಿಲ್ಲವಂತೆ. ಹಿತ್ತಾಳೆ ಚೊಂಬಿಗೆ ಕೆಂಡ ತುಂಬಿ, ಬಾಯಿಯನ್ನು ಬಟ್ಟೆಯಿಂದ ಹಿಡಿದು ತಳದಿಂದ ಉಜ್ಜುವುದು. ಅದೂ ಇಲ್ಲದವರು ಬಟ್ಟೆ ಮಡಿಸಿ ಹಾಸಿಗೆಯ ಕೆಳಗಿಟ್ಟು ಅದರ ಮೇಲೆ ಮಲಗುವುದು. ಕೇಳುಗರಲ್ಲಿ ಎಷ್ಟು ಜನ ಈ ‘ನಿದ್ದೆ ಇಸ್ತ್ರಿ’ ಮಾಡಿದ್ದೀರೋ!

ಇನ್ನು ನನ್ನ ಅಪರಾಧದ ಕಥೆ. ನನಗಾಗ ಹನ್ನೊಂದು ವರ್ಷ. ಮನೆಗೆ ಹೊಸದಾಗಿ ಕರೆಂಟಿನ ಪೆಟ್ಟಿಗೆ ಬಂದಿತ್ತು. ಮರುದಿನ ಅಪ್ಪ ನನ್ನ ಶಾಲಾ ಫೀಸಿನಲ್ಲಿ ರಿಯಾಯಿತಿ ಕೇಳಲು ಒಬ್ಬ ದೊಡ್ಡವರ ಹತ್ತಿರ ಹೋಗಬೇಕಿತ್ತು. ನಾನೇ ಇಸ್ತ್ರಿ ಮಾಡುತ್ತೇನೆಂದು ಹಠ ಹಿಡಿದೆ. ಪೆಟ್ಟಿಗೆಯನ್ನು ಅಂಗಿಯ ಬೆನ್ನ ಮೇಲೆ ಮುಖ ಕೆಳಗಾಗಿ ಇಟ್ಟು, ಬೀದಿಯಲ್ಲಿ ಹೋಗುತ್ತಿದ್ದ ಮದುವೆ ಬ್ಯಾಂಡು ನೋಡಲು ಓಡಿದೆ. ಬಂದು ನೋಡಿದರೆ ಬೆನ್ನಿನ ನಡುವೆ ಕಂದು ಬಣ್ಣದ ದೋಣಿ! ಇನ್ನೊಂದು ಅಂಗಿ ನೀರಿನಲ್ಲಿತ್ತು.

ಅಪ್ಪ ಬೈಯಲಿಲ್ಲ. ಅದನ್ನೇ ತೊಟ್ಟು ಹೋದರು. ಹಿಂದಿರುಗಿ ಬಂದು ನಗುತ್ತಾ ಹೇಳಿದರು: “ಕುರ್ಚಿಗೆ ಬೆನ್ನು ಒತ್ತಿ ಕೂತಿದ್ದೆ. ಹೊರಡುವಾಗ ಬೆನ್ನು ತೋರಿಸದ ಹಾಗೆ, ಕೈ ಮುಗೀತಾ ಹಿಂದಿಂದಕ್ಕೆ ಹೆಜ್ಜೆ ಇಟ್ಟು ಬಾಗಿಲತನಕ ಬಂದೆ. ನನ್ನ ವಿನಯ ನೋಡಿ ಅವರಿಗೆ ಕರುಳು ಚುರ್ ಅಂತು. ಅರ್ಧ ಫೀಸು ಬಿಟ್ಟರು.” ಮನೆಯವರೆಲ್ಲ ಬಿದ್ದು ಬಿದ್ದು ನಕ್ಕೆವು. ಆ ದಿನ ಅಪ್ಪ ಎಷ್ಟು ಹೆಜ್ಜೆ ಹಿಂದಕ್ಕೆ ನಡೆದಿರಬೇಕು ಎಂಬ ಯೋಚನೆ ನನಗೆ ಬಂದದ್ದು ಬಹಳ ವರ್ಷಗಳ ಮೇಲೆ. ಬಡವನ ಮನೆಯಲ್ಲಿ ಇಸ್ತ್ರಿ ಎಂಬುದು ಶೋಕಿಯಲ್ಲ. ಎದುರಿಗಿರುವವರ ಮುಂದೆ ಬೆನ್ನು ನೆಟ್ಟಗೆ ಮಾಡಿ ನಿಲ್ಲಲು ಸಿಗುವ ಅತಿ ಅಗ್ಗದ ಆಸರೆ ಅದು.

ಪೋರ್ಚುಗೀಸರು ಕೊಟ್ಟ ಮಾತು

ಬಿ.ಎ. ಓದುವಾಗ ಭಾಷಾಶಾಸ್ತ್ರದ ತರಗತಿಯಲ್ಲಿ ಒಂದು ದಿನ ನನಗೆ ಆಶ್ಚರ್ಯ ಕಾದಿತ್ತು. ‘ಇಸ್ತ್ರಿ’ ಎಂಬ ಮಾತು ಸಂಸ್ಕೃತವೂ ಅಲ್ಲ, ಉರ್ದುವೂ ಅಲ್ಲ, ಅಪ್ಪಟ ಕನ್ನಡವಂತೂ ಅಲ್ಲವೇ ಅಲ್ಲ! ಅದರ ಮೂಲ ಪೋರ್ಚುಗೀಸರ ‘ಎಸ್ತಿರಾರ್’. ಎಳೆದು ನೀಟುಮಾಡು ಎಂದು ಅರ್ಥ. ಗೋವೆಗೆ ಬಂದ ಪರಂಗಿಯವರ ಬಾಯಿಂದ ಕೊಂಕಣಿ, ಮರಾಠಿಗಳ ಮೂಲಕ ನಮ್ಮ ಮನೆಗೆ ಬಂದು, ಈಗ ತೆಲುಗಿನಲ್ಲೂ ಹಿಂದಿಯಲ್ಲೂ ಅದೇ ‘ಇಸ್ತ್ರಿ’ ಆಗಿ ಕೂತಿದೆ. ‘ಮೇಜು’, ‘ಚಾವಿ’, ‘ಮೇಸ್ತ್ರಿ’ ಕೂಡ ಅದೇ ಹಡಗಿನಲ್ಲಿ ಇಳಿದ ಮಾತುಗಳು.

ಹಾಗೆಂದು ನಯಮಾಡಿದ ಬಟ್ಟೆಯ ಸುಖ ಪರಂಗಿಯವರು ಬರುವ ತನಕ ನಮ್ಮ ದೇಶಕ್ಕೆ ಗೊತ್ತಿರಲಿಲ್ಲ ಎಂದುಕೊಳ್ಳಬೇಡಿ. ಮಡಿಸಿದ ಬಟ್ಟೆಯನ್ನು ಮರದ ಕೊಡತಿಯಿಂದ ಬಡಿದು ಬಡಿದು ಹೊಳಪು ತರುವ ‘ಕುಂದಿ’ ಎಂಬ ಕಸುಬು ಇತ್ತು. ಅದನ್ನು ಮಾಡುವವರು ಕುಂದಿಗರರು. ಚೀನಾದಲ್ಲಂತೂ ಕೆಂಡದ ಪೆಟ್ಟಿಗೆಗೂ ಮುಂಚೆ ಕೆಂಡದ ಬಾಣಲೆ ಇತ್ತು. ಹನ್ನೆರಡನೇ ಶತಮಾನದ ಆರಂಭದ ಒಂದು ಚೀನೀ ರೇಷ್ಮೆ ಚಿತ್ರ ಈಗ ಅಮೆರಿಕದ ಬಾಸ್ಟನ್ ನಗರದ ವಸ್ತುಸಂಗ್ರಹಾಲಯದಲ್ಲಿದೆ. ಚಕ್ರವರ್ತಿ ಹ್ವೀಜೋಂಗ್‌ನ ಹೆಸರಿನಲ್ಲಿರುವ ಆ ಚಿತ್ರದಲ್ಲಿ ಅರಮನೆಯ ಹೆಂಗಸರು ಬಿಳಿ ರೇಷ್ಮೆಯನ್ನು ಎರಡೂ ಕಡೆಯಿಂದ ಎಳೆದು ಹಿಡಿದಿದ್ದಾರೆ. ಒಬ್ಬಳು ಕೆಂಡ ತುಂಬಿದ ಬಾಣಲೆಯನ್ನು ಅದರ ಮೇಲೆ ಆಡಿಸುತ್ತಿದ್ದಾಳೆ. ಬಟ್ಟೆಯ ಕೆಳಗೆ ಪುಟ್ಟ ಹುಡುಗಿಯೊಬ್ಬಳು ನುಸುಳಿ ಮೇಲಕ್ಕೆ ನೋಡುತ್ತಿದ್ದಾಳೆ! ಒಂಬೈನೂರು ವರ್ಷಗಳ ಹಿಂದಿನ ಆ ಹುಡುಗಿಯನ್ನು ನೋಡಿದಾಗ ನನಗೆ ಕಾಚಿಗುಡದ ಭಾನುವಾರ ನೆನಪಾಯಿತು.

ಬಟ್ಟೆ ನೀಟಾಗುವ ಗುಟ್ಟು ಸರಳ. ಹತ್ತಿಯ ಎಳೆಯೊಳಗಿನ ಉದ್ದುದ್ದ ಅಣುಗಳು ಒಂದಕ್ಕೊಂದು ಸಣ್ಣ ಕೊಂಡಿಗಳಿಂದ ಹಿಡಿದುಕೊಂಡಿರುತ್ತವೆ. ಒಗೆದು ಹಿಂಡಿದಾಗ ಅವು ಮುದುರಿದ ಸ್ಥಿತಿಯಲ್ಲೇ ಕೈ ಹಿಡಿದು ಒಣಗುತ್ತವೆ. ನೀರು ಮತ್ತು ಕಾವು ಸೇರಿದರೆ ಕೈ ಬಿಡುತ್ತವೆ, ಭಾರ ಬಿದ್ದಾಗ ಸಾಲಾಗಿ ನಿಲ್ಲುತ್ತವೆ, ಆರಿದ ಮೇಲೆ ಹಾಗೆಯೇ ಮತ್ತೆ ಕೈ ಹಿಡಿಯುತ್ತವೆ. ಅದಕ್ಕೇ ಇಸ್ತ್ರಿ ಆದ ಕೂಡಲೇ ಅಂಗಿ ತೊಡಬಾರದು, ಆರಲು ಬಿಡಬೇಕು ಎಂದು ಅಮ್ಮ ಗದರುತ್ತಿದ್ದುದು. ಪೆಟ್ಟಿಗೆಯ ಮೇಲಿನ ಮೂರು ಚುಕ್ಕಿ ಎಂದರೆ ಸುಮಾರು 200 ಡಿಗ್ರಿ, ಹತ್ತಿಗೆ. ಎರಡು ಚುಕ್ಕಿ 150, ಒಂದು ಚುಕ್ಕಿ 110. ನೈಲಾನ್‌ಗೆ ಮೂರು ಚುಕ್ಕಿ ಇಟ್ಟವರಿಗೆ ಏನಾಗುತ್ತದೆಂದು ನಾನು ಹೇಳಬೇಕಿಲ್ಲ.

ಕಲ್ಯಾಣದ ಮಡಿವಾಳ

ಇಸ್ತ್ರಿ ಎಂಬ ಮಾತು ಹೊರಗಿನದಾದರೂ ಆ ಕೆಲಸ ಮಾಡುವವರಿಗೆ ಕನ್ನಡ ಕೊಟ್ಟ ಹೆಸರು ನಮ್ಮದೇ: ಮಡಿವಾಳ. ಮಡಿ ಎಂದರೆ ಒಗೆದು ಶುಭ್ರವಾದದ್ದು. ಬಟ್ಟೆಗೆ ಆ ಮಡಿಯನ್ನು ಕೊಡುವವನು ಮಡಿವಾಳ. ಆದರೆ ನಮ್ಮ ಸಮಾಜದ ವಿಚಿತ್ರ ನೋಡಿ. ಮಡಿ ಕೊಡುವವನನ್ನೇ ಮಡಿಯಿಂದ ದೂರ ನಿಲ್ಲಿಸಿತು. ಅವನು ಒಗೆದ ಬಟ್ಟೆ ಒಳಗೆ ಬರಬಹುದು, ಅವನು ಬರುವಂತಿಲ್ಲ. ಎಷ್ಟೋ ಮನೆಗಳಲ್ಲಿ ಅವನು ತಂದ ಬಟ್ಟೆಯನ್ನೂ ಮತ್ತೊಮ್ಮೆ ನೀರಿನಲ್ಲಿ ಅದ್ದಿ ತೆಗೆಯುತ್ತಿದ್ದರು.

ಈ ಲೆಕ್ಕವನ್ನು ತಿರುವಿ ಹಾಕಿದವರು ಹನ್ನೆರಡನೇ ಶತಮಾನದ ಶರಣ ಮಡಿವಾಳ ಮಾಚಿದೇವರು. ಈಗಿನ ವಿಜಯಪುರ ಜಿಲ್ಲೆಯ ದೇವರ ಹಿಪ್ಪರಗಿಯಲ್ಲಿ ಹುಟ್ಟಿ, ಬಸವಣ್ಣನವರ ಕಲ್ಯಾಣಕ್ಕೆ ಬಂದು, ಶರಣರ ಬಟ್ಟೆ ಒಗೆಯುವುದನ್ನೇ ಕಾಯಕ ಮಾಡಿಕೊಂಡವರು. ಪರಂಪರೆಯ ಕಥೆಗಳಲ್ಲಿ ಅವರು ತಲೆಯ ಮೇಲೆ ಮಡಿಗಂಟು ಹೊತ್ತು, ಕೈಯಲ್ಲಿ ಗಂಟೆ ಬಾರಿಸುತ್ತಾ ಬೀದಿಯಲ್ಲಿ ಬರುತ್ತಾರೆ: ‘ಇದು ಶರಣರ ಬಟ್ಟೆ, ಯಾರೂ ಮುಟ್ಟಬೇಡಿ, ದಾರಿ ಬಿಡಿ!’ ಅದಕ್ಕೇ ಅವರಿಗೆ ವೀರಗಂಟೆ ಮಡಿವಾಳಯ್ಯ ಎಂಬ ಹೆಸರು. ಊರು ಯಾರನ್ನು ಮುಟ್ಟಬೇಡ ಎನ್ನುತ್ತಿತ್ತೋ ಅವರೇ ಊರಿಗೆ ಮುಟ್ಟಬೇಡಿ ಎಂದದ್ದು! ‘ಕಲಿದೇವರದೇವ’ ಎಂಬ ಅಂಕಿತದ ಅವರ ವಚನಗಳು ಇಂದಿಗೂ ಇವೆ. ಕಲ್ಯಾಣದಲ್ಲಿ ಕ್ರಾಂತಿಯಾಗಿ ಶರಣರು ಚದುರಿದಾಗ, ವಚನಗಳ ತಾಳೆಗರಿಯ ಕಟ್ಟುಗಳನ್ನು ಉಳವಿಯ ಕಡೆಗೆ ಸಾಗಿಸಿದವರ ರಕ್ಷಣೆಗೆ ನಿಂತವರಲ್ಲಿ ಅವರೂ ಒಬ್ಬರೆಂದು ಪರಂಪರೆ ಹೇಳುತ್ತದೆ. ಬಟ್ಟೆಯ ಗಂಟು ಹೊತ್ತ ಹೆಗಲೇ ಕನ್ನಡದ ಗಂಟನ್ನೂ ಕಾಯಿತು. ಕರ್ನಾಟಕದಲ್ಲಿ ಪ್ರತಿ ವರ್ಷ ಫೆಬ್ರವರಿ 1ರಂದು ಅವರ ಜಯಂತಿ ನಡೆಯುತ್ತದೆ.

ಹೈದರಾಬಾದಿನವರಿಗೆ ಕಲ್ಯಾಣ ಪರವೂರಲ್ಲ. ಬೀದರ್, ಕಲಬುರಗಿ, ರಾಯಚೂರು ಮೂರೂ ಜಿಲ್ಲೆಗಳು 1956ರ ನವೆಂಬರ್ 1ರ ತನಕ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಮಾಚಿದೇವರ ಕಲ್ಯಾಣ ಬೀದರ್ ಸೀಮೆಯದು. ನಮ್ಮಜ್ಜಿ ಹುಟ್ಟಿದ್ದು ನಿಜಾಮರ ಪ್ರಜೆಯಾಗಿ. ಈಗ ಆ ನಿಜಾಮರ ಬಟ್ಟೆಯ ಕಡೆಗೇ ಒಂದಿಷ್ಟು ಹೋಗಿಬರೋಣ.

ಅಪ್ಪನ ಕಪಾಟು, ಮಗನ ಸುಕ್ಕು

ಚಾರ್‌ಮಿನಾರ್ ನೋಡಲು ಬರುವ ನೆಂಟರನ್ನು ನಾನು ತಪ್ಪದೆ ಪುರಾನಿ ಹವೇಲಿಗೂ ಕರೆದೊಯ್ಯುತ್ತೇನೆ. ಅಲ್ಲಿನ ನಿಜಾಮ್ ಮ್ಯೂಸಿಯಂನಲ್ಲಿ ಆರನೇ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಬಟ್ಟೆಯ ಕಪಾಟು ಇದೆ. ಕಪಾಟು ಎಂದರೆ ನಮ್ಮ ನಿಮ್ಮ ಮನೆಯ ಬೀರು ಅಲ್ಲ ಸ್ವಾಮಿ! ಉದ್ದನೆಯ ಮೊಗಸಾಲೆಯ ಎರಡೂ ಬದಿಗೆ ಎರಡು ಅಂತಸ್ತಿನಲ್ಲಿ ಮರದ ಬಾಗಿಲುಗಳ ಸಾಲು. ಒಮ್ಮೆ ತೊಟ್ಟ ಉಡುಪನ್ನು ಅವರು ಮತ್ತೆ ತೊಡುತ್ತಿರಲಿಲ್ಲ ಎಂಬ ಮಾತು ಪ್ರಚಾರದಲ್ಲಿದೆ. 1911ರಲ್ಲಿ ಅವರು ತೀರಿಕೊಂಡರು. ಆ ಬಾಗಿಲುಗಳ ಮುಂದೆ ನಿಂತಾಗಲೆಲ್ಲ ನನಗೆ ಬರುವ ಯೋಚನೆ ಒಂದೇ: ಇಷ್ಟಕ್ಕೂ ಇಸ್ತ್ರಿ ಮಾಡಿದ ಕೈಗಳು ಎಷ್ಟಿದ್ದವು? ಮ್ಯೂಸಿಯಂನಲ್ಲಿ ಕಪಾಟು ಇದೆ, ಆ ಕೈಗಳ ಗುರುತು ಇಲ್ಲ.

ಅವರ ಮಗ ಏಳನೇ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರದು ಇದಕ್ಕೆ ತದ್ವಿರುದ್ಧ. ಅಮೆರಿಕದ ಟೈಮ್ ಪತ್ರಿಕೆ 1937ರ ಫೆಬ್ರವರಿ 22ರ ಸಂಚಿಕೆಯ ಮುಖಪುಟದಲ್ಲಿ ಅವರ ಚಿತ್ರ ಹಾಕಿ ಜಗತ್ತಿನ ಅತಿ ಸಿರಿವಂತ ಎಂದಿತು. ಆದರೆ ಅವರನ್ನು ಕಂಡವರೆಲ್ಲ ಬರೆದಿಟ್ಟದ್ದು ಸುಕ್ಕುಗಟ್ಟಿದ ಉಡುಪು, ಮಾಸಿದ ಹಳೆಯ ಟೊಪ್ಪಿಗೆಯ ವಿಷಯವನ್ನೇ. ಜಗತ್ತಿನ ಅತಿ ಸಿರಿವಂತನಿಗೆ ಇಸ್ತ್ರಿ ಬೇಡವಾಗಿತ್ತು! ಯಾಕೆಂದರೆ ಅವರು ಯಾರ ಮುಂದೆಯೂ ಏನನ್ನೂ ರುಜುವಾತು ಮಾಡಬೇಕಿರಲಿಲ್ಲ. ಸುಕ್ಕು ಅವರಿಗೆ ಸರಳತೆಯ ಕೀರ್ತಿ ತಂದಿತು. ಅದೇ ಸುಕ್ಕು ನಮ್ಮಪ್ಪನ ಅಂಗಿಯ ಮೇಲಿದ್ದಿದ್ದರೆ ಫೀಸಿನ ಮಾತೇ ಏಳುತ್ತಿರಲಿಲ್ಲ.

ಅದಕ್ಕೂ ಮುಂಚೆ, ಆರನೇ ನಿಜಾಮರ ಕಾಲದಲ್ಲಿ ಈ ಊರು ಕಂಡ ಇನ್ನೊಬ್ಬ ಶಿಸ್ತಿನ ಮನುಷ್ಯ ನಮ್ಮವರೇ. 1908ರ ಸೆಪ್ಟೆಂಬರ್ 28ರ ಮೂಸಿ ಪ್ರವಾಹ ಹೈದರಾಬಾದನ್ನು ಕೊಚ್ಚಿಕೊಂಡು ಹೋದ ಮೇಲೆ, ಮರುವರ್ಷ ಸರ್ಕಾರ ಕರೆಸಿದ್ದು ಎಂ. ವಿಶ್ವೇಶ್ವರಯ್ಯನವರನ್ನು. ಅವರ ಸಲಹೆಯ ಫಲವಾಗಿ 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಎದ್ದವು. ಪೇಟ, ಕೋಟು, ಗೀರು ಬಿದ್ದ ಷರಾಯಿ ಇಲ್ಲದ ವಿಶ್ವೇಶ್ವರಯ್ಯನವರ ಚಿತ್ರವನ್ನು ನೀವು ನೋಡಿದ್ದೀರಾ? ನಾನಂತೂ ನೋಡಿಲ್ಲ. ಮುದ್ದೇನಹಳ್ಳಿಯ ಬಡಮನೆಯಲ್ಲಿ ಹುಟ್ಟಿ ಮನೆಪಾಠ ಹೇಳಿ ಓದಿದವರಿಗೆ ಆ ಗೀರಿನ ಬೆಲೆ ಗೊತ್ತಿತ್ತು.

ಹಿತ್ತಲ ಬಾಗಿಲ ಹತ್ತಿರ ನಿಂತವಳು

ಇಷ್ಟೆಲ್ಲ ಕಥೆ ಹೇಳುವಾಗ ಅಜ್ಜಿ ಒಮ್ಮೆ ಇದ್ದಕ್ಕಿದ್ದಂತೆ ಸುಮ್ಮನಾದಳು. ಆಮೇಲೆ ಹೇಳಿದಳು: “ನಮ್ಮೂರಾಗ ಮಡಿವಾಳರ ಮನಿ ಹೆಂಗಸು ಸಂಜೀಗೆ ಹಿತ್ತಲ ಬಾಗಿಲಿಗೆ ಬಂದು ರೊಟ್ಟಿಗೆ ನಿಲ್ಲತಿದ್ಲು. ಮನಿಮಂದಿ ಎಲ್ಲಾರ ಬಟ್ಟಿ ಒಗೀತಿದ್ಲು. ಆಕಿ ಮೈಮ್ಯಾಲಿನ ಸೀರಿ ಹೆಂಗಿತ್ತು ಅಂತ ನಾ ಒಂದಿನಾ ನೋಡಲಿಲ್ಲ ನೋಡವಾ.”

ಹಳ್ಳಿಯ ಆಯಗಾರ ಪದ್ಧತಿಯಲ್ಲಿ ಅಗಸರಿಗೆ ದುಡ್ಡಿರಲಿಲ್ಲ. ವರ್ಷಪೂರ್ತಿ ದುಡಿದರೆ ಸುಗ್ಗಿಯಲ್ಲಿ ಕಣದ ಒಂದು ಪಾಲು ಕಾಳು, ದಿನಾ ಸಂಜೆ ರೊಟ್ಟಿ. ತೆಲಂಗಾಣದಲ್ಲಿ ಅದಕ್ಕಿಂತ ಕಠಿಣವಾದ ‘ವೆಟ್ಟಿ ಚಾಕಿರಿ’ ಇತ್ತು. ದೇಶಮುಖರ, ಅಧಿಕಾರಿಗಳ ಮನೆಗೆ ಬಿಟ್ಟಿ ದುಡಿಮೆ. ಒಗೆಯುವವರು, ಕ್ಷೌರಿಕರು, ಕುಂಬಾರರು ಎಲ್ಲರೂ ಕೂಲಿಯಿಲ್ಲದೆ ದುಡಿಯಬೇಕು. ದೊಡ್ಡವರ ಬಟ್ಟೆಯ ಬಿಳುಪಿನ ಹಿಂದೆ ಇದ್ದದ್ದು ಅದು.

ಅದಕ್ಕೆ ಎದುರು ನಿಂತವರಲ್ಲಿ ಒಬ್ಬ ಹೆಂಗಸಿನ ಹೆಸರನ್ನು ತೆಲಂಗಾಣದಲ್ಲಿ ಇವತ್ತು ಮಕ್ಕಳೂ ಬಲ್ಲರು: ಚಾಕಲಿ ಐಲಮ್ಮ. ಚಾಕಲಿ ಎಂದರೆ ತೆಲುಗಿನಲ್ಲಿ ಮಡಿವಾಳರು. ಈಗಿನ ಜನಗಾಂವ್ ಜಿಲ್ಲೆಯ ಪಾಲಕುರ್ತಿಯಲ್ಲಿ ನಾಲ್ಕು ಎಕರೆ ಗೇಣಿಗೆ ಹಿಡಿದು ಬೆಳೆ ಬೆಳೆದರು. ಬಟ್ಟೆ ಒಗೆಯಬೇಕಾದವಳು ಹೊಲ ಮಾಡುವುದೇ? ವಿಸ್ನೂರಿನ ದೇಶಮುಖ ರಾಮಚಂದ್ರ ರೆಡ್ಡಿಯ ಕಡೆಯವರು 1940ರ ದಶಕದ ನಡುವೆ ಆ ಬೆಳೆಯನ್ನು ಕಿತ್ತುಕೊಳ್ಳಲು ಬಂದರು. ಐಲಮ್ಮ ಬಗ್ಗಲಿಲ್ಲ. ಆಂಧ್ರ ಮಹಾಸಭೆಯ ಕಾರ್ಯಕರ್ತರ ಬೆಂಬಲದಿಂದ ಬೆಳೆ ಕೊಯ್ದು ಮನೆಗೆ ಸೇರಿಸಿಕೊಂಡರು. 1946ರಿಂದ 1951ರವರೆಗೆ ನಡೆದ ತೆಲಂಗಾಣ ರೈತ ಹೋರಾಟದ ಕಿಡಿಗಳಲ್ಲಿ ಅದೂ ಒಂದು. 1985ರ ಸೆಪ್ಟೆಂಬರ್ 10ರಂದು ಐಲಮ್ಮ ತೀರಿಕೊಂಡರು.

ಓದುಬರಹ ಕೊಡದಿದ್ದರೂ ಈ ಜನ ತಮ್ಮದೇ ಒಂದು ಲಿಪಿ ಮಾಡಿಕೊಂಡಿದ್ದರು ಎಂಬುದನ್ನು ಮರೆಯಬಾರದು. ಕೇರುಬೀಜದ ಕಪ್ಪು ರಸಕ್ಕೆ ಸುಣ್ಣ ಬೆರೆಸಿ ಬಟ್ಟೆಯ ಮೂಲೆಯಲ್ಲಿ ಹಾಕುವ ಗುರುತು. ಮೂರು ಚುಕ್ಕಿ ಆ ಮನೆ, ಒಂದು ಗೀಟು ಎರಡು ಚುಕ್ಕಿ ಈ ಮನೆ. ಎಷ್ಟು ಒಗೆದರೂ ಹೋಗದು. ಆ ಮರದ ಶಾಸ್ತ್ರೀಯ ಹೆಸರಿನ ಮೊದಲ ಭಾಗ ‘ಸೆಮಿಕಾರ್ಪಸ್’ ಎಂದರೆ ಗ್ರೀಕಿನಲ್ಲಿ ಗುರುತಿನ ಕಾಯಿ ಎಂದೇ ಅರ್ಥ! ಹೆಣದ ಮೈಮೇಲಿನ ಬಟ್ಟೆಯ ಗುರುತು ಹಿಡಿದು ಪೊಲೀಸರು ಮನೆ ಪತ್ತೆ ಮಾಡಿದ್ದೂ ಉಂಟು. ನೂರಾರು ಮನೆಗಳ ವಿಳಾಸ ತಲೆಯಲ್ಲಿ ಇಟ್ಟುಕೊಂಡವರನ್ನು ನಾವು ಅನಕ್ಷರಸ್ಥರೆಂದು ಕರೆದೆವು.

ಕೆಂಡ ಹೋಗಿ ಕರೆಂಟು ಬಂತು

ಕರೆಂಟಿನ ಇಸ್ತ್ರಿ ಪೆಟ್ಟಿಗೆಗೆ ನ್ಯೂಯಾರ್ಕಿನ ಹೆನ್ರಿ ಸೀಲಿ ಎಂಬಾತ ಪೇಟೆಂಟ್ ಪಡೆದದ್ದು 1882ರಲ್ಲಿ. ತಮಾಷೆಯೆಂದರೆ ಆಗ ಬಹುತೇಕ ಮನೆಗಳಲ್ಲಿ ಕರೆಂಟೇ ಇರಲಿಲ್ಲ! ಹೈದರಾಬಾದಿನ ಹುಸೇನ್ ಸಾಗರದ ದಡದಲ್ಲಿ ವಿದ್ಯುತ್ ಸ್ಥಾವರ ತಲೆಯೆತ್ತಿದ್ದು 1920ರಲ್ಲಿ. ಆ ಸ್ಥಾವರ ಈಗಿಲ್ಲ. ನಮ್ಮಂಥವರ ಮನೆಗೆ ಕರೆಂಟಿನ ಪೆಟ್ಟಿಗೆ ಬರಲು ಅಲ್ಲಿಂದ ಮತ್ತೆ ಎಷ್ಟೋ ದಶಕ ಬೇಕಾಯಿತು. ಬೀದಿಯ ಬಂಡಿಗಳಲ್ಲಂತೂ ಕೆಂಡದ ಪೆಟ್ಟಿಗೆಯೇ ಬಹುಕಾಲ ಉಳಿಯಿತು. ಏಳೆಂಟು ಕಿಲೋ ಭಾರ, ಜೊತೆಗೆ ಹೊಗೆ. ಇಸ್ತ್ರಿಯವರ ತಲೆನೋವು, ಭುಜನೋವು ನಮ್ಮ ಗರಿಗರಿ ಅಂಗಿಯಲ್ಲಿ ಕಾಣುವುದಿಲ್ಲ.

ತಮಿಳುನಾಡಿನ ತಿರುವಣ್ಣಾಮಲೈನ ಶಾಲಾ ಹುಡುಗಿ ವಿನಿಶಾ ಉಮಾಶಂಕರ್ ತನ್ನ ಬೀದಿಯ ಇಸ್ತ್ರಿ ಬಂಡಿಯ ಇದ್ದಿಲ ರಾಶಿ ನೋಡಿಯೇ ಸೌರಶಕ್ತಿಯ ಇಸ್ತ್ರಿ ಬಂಡಿಯನ್ನು ರೂಪಿಸಿದಳು. 2021ರ ನವೆಂಬರ್‌ನಲ್ಲಿ ಗ್ಲ್ಯಾಸ್ಗೋ ಹವಾಮಾನ ಸಮ್ಮೇಳನದಲ್ಲಿ ನಿಂತು ಮಾತಾಡಿದಳು. ಅದೇ ವರ್ಷದ ಏಪ್ರಿಲ್‌ನಲ್ಲಿ ತೆಲಂಗಾಣ ಸರ್ಕಾರ ಲಾಂಡ್ರಿ, ಧೋಬಿ ಘಾಟ್ ಮತ್ತು ಕ್ಷೌರದ ಅಂಗಡಿಗಳಿಗೆ ತಿಂಗಳಿಗೆ 250 ಯೂನಿಟ್ ಉಚಿತ ವಿದ್ಯುತ್ ಘೋಷಿಸಿತು. ಒಂದು ಕಿಲೋವಾಟ್‌ನ ಪೆಟ್ಟಿಗೆ ಒಂದು ಗಂಟೆ ಎಡೆಬಿಡದೆ ಕಾದರೆ ಒಂದು ಯೂನಿಟ್. 250 ಯೂನಿಟ್ ಎಂದರೆ ದಿನಕ್ಕೆ ಎಂಟು ಗಂಟೆಗೂ ಸ್ವಲ್ಪ ಹೆಚ್ಚು. ಒಬ್ಬ ಮನುಷ್ಯ ನಿಂತು ಮಾಡಬಹುದಾದ ಪೂರ್ತಿ ದಿನದ ದುಡಿಮೆ.

ಇನ್ನೊಂದು ಕಡೆಯ ಮಾತೂ ಇದೆ. 2024ರ ಮೇ ತಿಂಗಳಲ್ಲಿ ಸಿಎಸ್‌ಐಆರ್ ಸಂಸ್ಥೆ ತನ್ನ ನೌಕರರಿಗೆ ‘ಸೋಮವಾರ ಇಸ್ತ್ರಿ ಮಾಡದ ಬಟ್ಟೆ ತೊಟ್ಟು ಬನ್ನಿ’ ಎಂಬ ಅಭಿಯಾನ ನಡೆಸಿತು. ಒಂದು ಜೊತೆ ಬಟ್ಟೆಯ ಇಸ್ತ್ರಿಗೆ ಸುಮಾರು 200 ಗ್ರಾಂ ಇಂಗಾಲದ ಡೈಆಕ್ಸೈಡ್ ಹೊಮ್ಮುತ್ತದೆ ಎಂಬುದು ಅವರ ಲೆಕ್ಕ. ಆ ಸಂಸ್ಥೆಯ ಐಐಸಿಟಿ, ಸಿಸಿಎಂಬಿ, ಎನ್‌ಜಿಆರ್‌ಐ ಮೂರೂ ನಮ್ಮ ತಾರ್ನಾಕ, ಹಬ್ಸಿಗುಡದ ರಸ್ತೆಯಲ್ಲೇ ಇವೆ. ಲೆಕ್ಕ ಸರಿಯೇ. ವಿಜ್ಞಾನಿಯ ಸುಕ್ಕನ್ನು ಯಾರೂ ತಪ್ಪು ತಿಳಿಯುವುದಿಲ್ಲ, ನಿಜಾಮರ ಸುಕ್ಕಿನ ಹಾಗೆ. ಅದೇ ಸಂಸ್ಥೆಯ ಗೇಟಿನಲ್ಲಿ ನಿಂತ ಕಾವಲುಗಾರ ಸುಕ್ಕಿನ ಸಮವಸ್ತ್ರದಲ್ಲಿ ಬಂದರೆ ನಮ್ಮ ಕಣ್ಣು ಏನೆನ್ನುತ್ತದೆ? ಅದನ್ನು ನಾವೇ ಕೇಳಿಕೊಳ್ಳಬೇಕು.

ನಮ್ಮ ಬೀದಿಯ ಬೇವಿನ ಮರದ ಕೆಳಗೆ ಇಸ್ತ್ರಿ ಮಾಡುವವರು ಪಾಲಮೂರು ಕಡೆಯವರು. 2020ರ ಲಾಕ್‌ಡೌನ್ ಶುರುವಾದಾಗ ಮೂರು ತಿಂಗಳು ಬಂಡಿಗೆ ಬಟ್ಟೆಯೇ ಬರಲಿಲ್ಲ. ಆಮೇಲೆ ಬಂದರೂ ಬರೀ ಅಂಗಿ. “ಪ್ಯಾಂಟು ಒಂದೂ ಇಲ್ಲಮ್ಮ, ಕಂಪ್ಯೂಟರಿನಲ್ಲಿ ಅರ್ಧ ಮನುಷ್ಯ ಮಾತ್ರ ಕಾಣ್ತಾನಂತೆ!” ಎಂದು ಅವರು ನಕ್ಕಿದ್ದು ನೆನಪಿದೆ. ಅವರ ನಗುವಿನಲ್ಲಿ ಅರ್ಧ ಕೂಲಿಯ ಲೆಕ್ಕ ಇತ್ತು.

ಮೊನ್ನೆ ಆ ಹುಡುಗನ ಫೋನ್ ಬಂದ ವಾರ, ಸೀರೆ ಕೊಡಲು ಹೋದಾಗ ಅಜ್ಜಿ ಕೇಳದೆ ಬಿಟ್ಟ ಪ್ರಶ್ನೆಯನ್ನು ನಾನು ಕೇಳಿದೆ. “ನಿಮ್ಮ ಬಟ್ಟೆಗೆ ಇಸ್ತ್ರಿ ಯಾವಾಗ ಹಾಕ್ತೀರಿ?” ಅವರಿಗೆ ನಾಚಿಕೆಯಾಯಿತು. “ಕೆಂಡದ ಕಾಲದಲ್ಲಿ ರಾತ್ರಿ ಎಲ್ಲಾ ಮುಗಿದ ಮೇಲೆ, ಪೆಟ್ಟಿಗೆಯಲ್ಲಿ ಕಾವು ಉಳಿದಿದ್ರೆ ನಮ್ಮದು. ಈಗ ಹಬ್ಬಕ್ಕೆ, ಮಗಳ ಕಾಲೇಜಿಗೆ ಹೋಗೋ ದಿನ” ಎಂದರು.

ಮರುದಿನ ಬಸ್ಸಿನಲ್ಲಿ ಕೋಠಿ ಮೂಲಕ ಬಂದೆ. ಅಲ್ಲಿನ ಹಳೆಯ ಬ್ರಿಟಿಷ್ ರೆಸಿಡೆನ್ಸಿ ನಿಮಗೆ ಗೊತ್ತು. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ರೆಸಿಡೆಂಟ್ ಜೇಮ್ಸ್ ಕಿರ್ಕ್‌ಪ್ಯಾಟ್ರಿಕ್ ಕಟ್ಟಿಸಿದ ದೊಡ್ಡ ಕಂಬಗಳ ಅರಮನೆ. 1949ರಲ್ಲಿ ಅಲ್ಲಿಗೆ ಉಸ್ಮಾನಿಯಾ ಮಹಿಳಾ ಕಾಲೇಜು ಬಂತು. ಆ ಕಾಲೇಜು 2022ರಲ್ಲಿ ವಿಶ್ವವಿದ್ಯಾಲಯವಾಯಿತು, 2024ರಲ್ಲಿ ಅದಕ್ಕೆ ಚಾಕಲಿ ಐಲಮ್ಮನವರ ಹೆಸರಿಟ್ಟರು. ದೊರೆಗಳ ಬಟ್ಟೆ ಒಗೆಯಲು ಹಿತ್ತಲ ಬಾಗಿಲಿಂದ ಬರಬೇಕಾಗಿದ್ದ ಕುಲದವಳ ಹೆಸರು ಈಗ ಮುಂಬಾಗಿಲ ಮೇಲಿದೆ. ಗೇಟಿನಲ್ಲಿ ಹುಡುಗಿಯರು ಗುಂಪಾಗಿ ಒಳಗೆ ಹೋಗುತ್ತಿದ್ದರು. ಕೆಲವರ ಚೂಡಿದಾರ್ ಗರಿಗರಿ, ಕೆಲವರದು ಮುದುರಿದ್ದು. ಎಲ್ಲರೂ ಮುಂದಕ್ಕೇ ನಡೆಯುತ್ತಿದ್ದರು.

ಫೋನ್ ಮಾಡಿದ ತಮ್ಮಾ, ನೀನು ಇದನ್ನು ಓದುತ್ತಿದ್ದರೆ ಕೇಳು. ನಾನು ಇಸ್ತ್ರಿ ಹಾಕಿದ ಸೀರೆ ಉಟ್ಟೇ ಬರುತ್ತೇನೆ. ಸುಟ್ಟ ಆ ಅಂಗಿಯ ಮುಂಭಾಗದ ತುಂಡು ಇನ್ನೂ ನಮ್ಮ ಮನೆಯಲ್ಲಿದೆ. ರೇಷ್ಮೆ ಸೀರೆಯ ಮೇಲೆ ಹಾಸಿ ಇಸ್ತ್ರಿ ಮಾಡಲು ಅಮ್ಮ ಕತ್ತರಿಸಿ ಇಟ್ಟುಕೊಂಡದ್ದು. ಈಗ ಅದು ನನ್ನ ಪಾಲಿಗೆ ಬಂದಿದೆ.

ನಿಮ್ಮ ಮನೆಯಲ್ಲೂ ಒಂದು ಹಿತ್ತಾಳೆ ಪೆಟ್ಟಿಗೆ ಅಟ್ಟದ ಮೇಲೆ ಇರಬಹುದು. ಇಳಿಸಿ, ಧೂಳು ಒರೆಸಿ, ಅದರ ಕಥೆ ಬರೆದು ಕಳಿಸಿ. ನಿಮ್ಮ ಬೀದಿಯ ಇಸ್ತ್ರಿಯವರ ಕಥೆಯನ್ನೂ ಕೇಳಿ ಬರೆಯಿರಿ. ಕಾರ್ಯಕ್ರಮದಲ್ಲಿ ಓದುತ್ತೇನೆ.